ಗ್ಯಾರೇಜಿನ ಹಿಂದಿನ ಕಾಳು

ಕಳೆದ ಅಕ್ಟೋಬರಿನಲ್ಲಿ ಪೆಲಾಯಾ ಗ್ಯಾರೇಜಿನ ಹಿಂದೆ, ಅತ್ತೆಯ ಕಾಲೂ ಹೋಗದ ಕಣ್ಣೂ ಹಾಯದ ಜಾಗದಲ್ಲಿ, ಎರಡು ಸಾಲು ಕುಕ್ಯಾ ಬಿತ್ತಿದ್ದಳು. ಕುಕ್ಯಾ ಅಂದರೆ ಅವರೆಕಾಳಿನ ದೊಡ್ಡಣ್ಣ. ಅದೇ ಹಸಿರು, ಹೆಚ್ಚುಕಡಿಮೆ ಅದೇ ಸೊಗಡು, ಕಾಳು ಮಾತ್ರ ಹೆಬ್ಬೆರಳಿನ ತುದಿಯಷ್ಟು ದಪ್ಪ. ಬೀಜ ಬಂದದ್ದು ಕ್ರೀಟ್ ದ್ವೀಪದ ತವರಿನಿಂದ, ತಂಗಿ ಕಳಿಸಿದ ಉಣ್ಣೆಯ ಕಾಲುಚೀಲದ ತುದಿಯಲ್ಲಿ ಅಡಗಿಕೊಂಡು. ಕಡಲಾಚೆಯ ಟಕೋಮಾ ಊರಿನ ಚಳಿಗಾಲವನ್ನು ಆ ಗಿಡಗಳು ತಲೆ ತಗ್ಗಿಸಿಕೊಂಡು ಕಳೆದವು. ಮೇ ತಿಂಗಳು ಬಂದದ್ದೇ ತಡ, ಪೆಲಾಯಾಳ ಎದೆಮಟ್ಟ ಬೆಳೆದು ಕಪ್ಪು ಚುಕ್ಕೆಯ ಬಿಳಿ ಹೂ ಬಿಟ್ಟವು.

ಮೂವತ್ತೆರಡು ವರ್ಷದ ಹಟ ಅದು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವಸಂತದಲ್ಲಿ, ಗಂಡನಿಗೆ ತವರಿನ ರುಚಿ ತೋರಿಸೋಣವೆಂದು ಅವಳು ಇದೇ ಕಾಳು ಬೇಯಿಸಿದ್ದಳು. ಅತ್ತೆ ಅರ್ಗಿರೋ ಅಡುಗೆಮನೆಗೆ ಬಂದವಳೇ ಕುದಿಯುತ್ತಿದ್ದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಆಚೆ ಎಸೆದಳು. ಪಾತ್ರೆ ಮದುವೆಯ ಉಡುಗೊರೆ. “ಈ ಮನೇಲಿ ಇದು ಬೇಯಲ್ಲ,” ಅಷ್ಟೇ ಹೇಳಿದ್ದು. ಯಾಕೆ ಅಂತ ಗಂಡನನ್ನು ಕೇಳಿದರೆ, “ಅಮ್ಮನಿಗೆ ಅದರ ವಾಸನೆ ಆಗಲ್ಲ ಬಿಡು,” ಅಂದ. ಪೆಲಾಯಾ ಬಿಟ್ಟಳು ಅಂತ ಅವರು ಅಂದುಕೊಂಡರು. ಕ್ರೀಟಿನ ಹೆಂಗಸರು ಏನನ್ನೂ ಬಿಡುವವರಲ್ಲ.

ಈ ವರ್ಷ ಮನೆಯಲ್ಲಿ ಎರಡು ಸಂಭ್ರಮ ಒಟ್ಟೊಟ್ಟಿಗೆ ಬಂದಿದ್ದವು. ಮಗಳು ರೂಲಾ ಪ್ರಕೃತಿ ಚಿಕಿತ್ಸೆ ಓದಿ ಡಾಕ್ಟರಾಗಿದ್ದಳು, ಜೂನ್ ಮೊದಲ ವಾರ ಅವಳ ಸ್ವಂತ ಕ್ಲಿನಿಕ್ಕು ತೆರೆಯುವುದಿತ್ತು. ಅದಾದ ಮೇಲೆ ಆಗಸ್ಟಿನಲ್ಲಿ ಪ್ರಯಾಣ. ಪೆಲಾಯಾಳ ಗಂಡ ಸ್ತ್ರಾತಿಸ್ ಲೆಸ್ವೋಸ್ ದ್ವೀಪಕ್ಕೆ ಮೂರು ಟಿಕೆಟ್ ಕೊಂಡುಬಿಟ್ಟಿದ್ದ. ತನಗೆ, ಹೆಂಡತಿಗೆ, ಎಂಬತ್ತನಾಲ್ಕರ ತಾಯಿಗೆ. ಅಲ್ಲಿ ತಾಯಿಯ ತಂಗಿ ಮಿರ್ಸೀನಿ ಇದ್ದಳು. ಅಕ್ಕತಂಗಿಯರು ಮಾತು ಬಿಟ್ಟು ಐವತ್ತೆಂಟು ವರ್ಷ. ಸಾಯುವ ಮೊದಲು ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಬೇಕು ಅನ್ನುವುದು ಅವನ ಆಸೆ.

“ದ್ವೀಪಕ್ಕೆ ಬರ್ತೀನಿ, ನನ್ನ ಅಪ್ಪನ ಸಮಾಧಿಗೆ ದೀಪ ಹಚ್ತೀನಿ,” ಅರ್ಗಿರೋ ಬುಧವಾರದ ಊಟದ ಹೊತ್ತಿಗೆ ಹೇಳಿದಳು. “ಅವಳ ಹೊಸಲು ತುಳಿಯಲ್ಲ. ನೀನು ತುಳಿದ್ಯೋ, ನನಗೆ ಮಗ ಇಲ್ಲ.”

“ಅಮ್ಮ, ಚಿಕ್ಕಮ್ಮನಿಗೂ ಎಂಬತ್ತಾಯ್ತು.”

“ಆಗ್ಲಿ. ಕೆಟ್ಟ ಕಣ್ಣಿಗೆ ಮುಪ್ಪು ಬರಲ್ಲ.”

ಪೆಲಾಯಾ ಬೇಳೆ ಸಾರು ಬಡಿಸಿದಳು. ಅರ್ಗಿರೋಗೆ ಸ್ತ್ರಾತಿಸನಿಗಿಂತ ಮೊದಲು ಇಗ್ನಾತಿಸ್ ಅನ್ನುವ ಮಗು ಇತ್ತು, ಮಿರ್ಸೀನಿಯ ದೃಷ್ಟಿ ತಗುಲಿ ನಾಲ್ಕು ವರ್ಷಕ್ಕೇ ತೀರಿಕೊಂಡಿತು. ಮನೆಯವರಿಗೆ ಗೊತ್ತಿದ್ದದ್ದು ಅಷ್ಟೇ. ಅದರ ಆಚೆ ಅರ್ಗಿರೋ ಯಾರನ್ನೂ ಬಿಟ್ಟುಕೊಂಡಿರಲಿಲ್ಲ.

ಮಾತು ತಿರುಗಿಸಲು ರೂಲಾ ತನ್ನ ಕ್ಲಿನಿಕ್ಕಿನ ಸುದ್ದಿ ತೆಗೆದಳು. ಕುರ್ಚಿಗಳು ಬಂದಿವೆ, ಕಾಲು ಚಾಚಿ ಮಲಗುವಂಥವು, ನಾಲ್ಕು. ಒಂದೊಂದರ ಪಕ್ಕ ಡ್ರಿಪ್ ಕಂಬ. ವಿಟಮಿನ್ನು, ಖನಿಜ ಎಲ್ಲ ನೀರಿನಲ್ಲಿ ಬೆರೆಸಿ ನರಕ್ಕೆ ನೇರವಾಗಿ ಏರಿಸುವುದು.

“ಬಾಯಿ ಇರೋ ಮನುಷ್ಯನಿಗೆ ನರದಿಂದ ಊಟವಾ?” ಅರ್ಗಿರೋ ಕೇಳಿದಳು. “ನನ್ನ ಹೆಸರಿಟ್ಟುಕೊಂಡು ಇದನ್ನ ಓದೋಕೆ ಎಂಟು ವರ್ಷ ಹೋದ್ಯಾ?”

ರೂಲಾಳ ಪೂರ್ತಿ ಹೆಸರೂ ಅರ್ಗಿರೋನೇ. ಅಜ್ಜಿಯ ಹೆಸರು ಮೊಮ್ಮಗಳಿಗೆ, ಅದು ಅವರ ಪದ್ಧತಿ.

“ಹೊಟ್ಟೆ ಎಲ್ಲಾನೂ ಹೀರ್ಕೊಳ್ಳಲ್ಲ ಅಜ್ಜಿ. ನಿತ್ರಾಣ ಆದೋರಿಗೆ ಕೆಲವು ಸಲ ನೆರವಾಗುತ್ತೆ.”

“ನಿತ್ರಾಣ ಅಂದ್ರೆ ನಾನೇ,” ಅಂದ ಸ್ತ್ರಾತಿಸ್. ಐವತ್ತೇಳರ ಅವನದು ಬಂದರಿನ ಹತ್ತಿರ ಒಂದು ತಿಂಡಿ ಹೋಟೆಲು. ಬೆಳಗಿನ ಜಾವ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನ ಮೂರರವರೆಗೆ ಕೂರುವುದಿಲ್ಲ. ಮನೆಗೆ ಬಂದರೆ ಶೂ ಬಿಚ್ಚುವ ಮೊದಲೇ ಸೋಫಾದ ಮೇಲೆ ಗೊರಕೆ. “ಮೊದಲ ಕುರ್ಚಿ ನನ್ನದು. ಅಲ್ಲಿ ಬೆಟ್ಟದ ಮೇಲಿನ ಚರ್ಚಿಗೆ ನಡ್ಕೊಂಡೇ ಹೋಗ್ಬೇಕು ನಾನು. ಆ ಸಿ ವಿಟಮಿನ್ ಇದ್ಯಲ್ಲ, ದೊಡ್ಡ ಬಾಟಲು, ಅದನ್ನೇ ಹಾಕು.”

“ಹಾಕ್ತೀನಿ. ಅದಕ್ಕೆ ಮುಂಚೆ ಒಂದು ರಕ್ತಪರೀಕ್ಷೆ ಇದೆ ಅಪ್ಪ. ಅಮ್ಮ, ನೀನೂ ಕೊಡು.”

“ನನ್ನ ಮಗಳು ನನ್ನನ್ನೇ ಪರೀಕ್ಷೆ ಮಾಡ್ತಾಳಂತೆ.”

“ಪರೀಕ್ಷೆಯ ಕಾಗದ ಬರದೆ ಸೂಜಿ ಇಲ್ಲ. ಗವರ್ನರ್ ಬಂದ್ರೂ ಅಷ್ಟೇ.”

ಮಾರನೆಯ ದಿನವೇ ಗಂಡಹೆಂಡತಿ ಜೋಡಿಯಾಗಿ ಹೋಗಿ ರಕ್ತ ಕೊಟ್ಟು ಬಂದರು. ಆಮೇಲಿನ ಹತ್ತು ದಿನ ಮನೆ ಮದುವೆಮನೆಯಾಯಿತು. ಪೆಲಾಯಾ ಕ್ಲಿನಿಕ್ಕಿನ ಪರದೆ ಹೊಲಿದಳು, ಇನ್ನೂರು ಕುಲುರಾಕ್ಯಾ ಬಿಸ್ಕತ್ತು ಬೇಯಿಸಿದಳು, ಮಧ್ಯೆ ಮಧ್ಯೆ ಗ್ಯಾರೇಜಿನ ಹಿಂದೆ ಹೋಗಿ ಕಾಯಿಗಳನ್ನು ಬೆರಳಲ್ಲಿ ಒತ್ತಿ ನೋಡಿ ಬಂದಳು. ಕಾಯಿ ತುಂಬುತ್ತಿದ್ದವು. ಒಂದು ಸಂಜೆ ಎಳೆಯದೊಂದನ್ನು ಬಿಡಿಸಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಾಗ ತವರೇ ಎದುರು ನಿಂತಂತಾಗಿ ಅವಳ ಕಣ್ಣಲ್ಲಿ ನೀರು ಬಂತು. ಇನ್ನೊಂದು ವಾರ, ಅಂದುಕೊಂಡಳು. ಗಂಡನಿಗೆ ಇದನ್ನು ತಿನ್ನಿಸದೆ ಈ ಸಲ ಬೇಸಿಗೆ ಕಳೆಯಲು ಬಿಡುವುದಿಲ್ಲ.

ಪೆಲಾಯಾಳ ಕಾಗದ ಬೇಗ ಬಂತು, ಎಲ್ಲ ಸರಿ ಇತ್ತು. ಸ್ತ್ರಾತಿಸನದು ಬರಲಿಲ್ಲ.

“ಲ್ಯಾಬಿನೋರು ಇನ್ನೊಂದ್ಸಲ ನೋಡ್ತಿದಾರಂತೆ,” ರೂಲಾ ಫೋನಿನಲ್ಲಿ ಹೇಳಿದಳು.

“ನನ್ನ ರಕ್ತ ಅಷ್ಟು ಚೆನ್ನಾಗಿದ್ಯಾ, ಎರಡೆರಡು ಸಲ ನೋಡೋಕೆ?” ಅಂದ ಸ್ತ್ರಾತಿಸ್.

ಶನಿವಾರ ಉದ್ಘಾಟನೆ. ಪಾದ್ರಿಗಳು ತುಳಸಿ ಕಟ್ಟಿನಿಂದ ತೀರ್ಥ ಚಿಮುಕಿಸಿ ಬಾಗಿಲು, ಮೇಜು, ಕುರ್ಚಿ ಹರಸಿದರು. ಡ್ರಿಪ್ ಕಂಬಗಳ ಮುಂದೆ ಒಂದು ಕ್ಷಣ ಯೋಚಿಸಿ ಅವಕ್ಕೂ ನಾಲ್ಕು ಹನಿ ಹಾಕಿದರು. ಸ್ತ್ರಾತಿಸ್ ಮಗಳ ಪದವಿಪ್ರದಾನಕ್ಕೆ ಹೊಲಿಸಿದ್ದ ಸೂಟು ಹಾಕಿಕೊಂಡು ಬಂದು, ಮೊದಲ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಿಸಿದ.

“ಫೋಟೋ ತೆಗಿಯೋರು ಕಾಯ್ತಿದಾರೆ. ಹಾಕು.”

“ನಿನ್ನ ಕಾಗದ ಬಂದಿಲ್ಲ ಅಪ್ಪ.”

“ಹೋಟೆಲಿನ ಗಿರಾಕಿಗಳೆಲ್ಲ ಬಂದಿದಾರೆ ಕಣೇ. ಮಗಳು ಅಪ್ಪನಿಗೇ ಹಾಕಲ್ಲ ಅಂದ್ರೆ ಅವರು ಹಾಕಿಸ್ಕೊಳ್ತಾರಾ?”

ಪೆಲಾಯಾ ಮಗಳನ್ನು ಪರದೆಯ ಪಕ್ಕಕ್ಕೆ ಎಳೆದಳು. “ಒಂದೇ ಒಂದು ಸಣ್ಣ ಬಾಟಲಿ ಹಾಕೇ. ಮುಖ ನೋಡು ಅವನದು. ಏನಾಗುತ್ತೆ ಒಂದು ದಿನ?”

“ಏನಾಗುತ್ತೆ ಅಂತ ಗೊತ್ತಿಲ್ಲದೇ ಇರೋದಕ್ಕೇ ಪರೀಕ್ಷೆ. ಅಮ್ಮ, ಇವತ್ತೇ ನಿಯಮ ಮುರಿದ್ರೆ ನಾಳೆಯಿಂದ ಈ ಬಾಗಿಲು ಯಾಕೆ ತೆಗೀಲಿ?” ರೂಲಾಳ ಕುತ್ತಿಗೆ ಕೆಂಪಾಗಿತ್ತು, ದನಿ ಮಾತ್ರ ಗಟ್ಟಿ ಇತ್ತು. “ನಿನ್ನದು ಬಂದಿದೆ. ನೀನು ಕೂತ್ಕೊ.”

ಹೀಗೆ ಮೊದಲ ಕುರ್ಚಿ ಪೆಲಾಯಾಳ ಪಾಲಾಯಿತು. ಸೂಜಿ ಇರುವೆ ಕಚ್ಚಿದಷ್ಟೇ ನೋಯಿತು. ಮೇಲೆ ತೂಗುತ್ತಿದ್ದ ಚೀಲದಲ್ಲಿ ನೀರು ಆಲಿವ್ ಎಣ್ಣೆಯ ಬಣ್ಣಕ್ಕಿತ್ತು. ಹನಿ ಹನಿಯಾಗಿ ಇಳಿಯತೊಡಗಿದ ಐದು ನಿಮಿಷಕ್ಕೆ ಅವಳ ಗಂಟಲು, ಎದೆ, ಕಿವಿ ಬೆಚ್ಚಗಾದವು, ಏನನ್ನೂ ನುಂಗದೆಯೇ ನಾಲಿಗೆಯ ಮೇಲೆ ಔಷಧಿ ಅಂಗಡಿಯ ರುಚಿ ಬಂತು. ಮುಕ್ಕಾಲು ಗಂಟೆಯ ಹೊತ್ತಿಗೆ ಕೋಣೆಯ ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ ಕಂಡವು. ಅದು ವಿಟಮಿನ್ನೋ, ಎಲ್ಲರೂ ತನ್ನನ್ನೇ ನೋಡುತ್ತಿದ್ದ ಖುಷಿಯೋ, ಅವಳಿಗೆ ಬೇಕಾಗಿರಲಿಲ್ಲ.

“ಹೇಗಿದೆ?” ಪಕ್ಕದ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತಿದ್ದ ಗಂಡ ಮುಖ ಊದಿಸಿಕೊಂಡು ಕೇಳಿದ.

“ಇವತ್ತು ನಿಮ್ಮಮ್ಮನ್ನೂ ಎದುರಿಸ್ಬಲ್ಲೆ,” ಅಂದಳು ಪೆಲಾಯಾ.

ತಮಾಷೆಗೆ ಹೇಳಿದ್ದಲ್ಲ. ಮನೆಗೆ ಬಂದವಳೇ ಬುಟ್ಟಿ ಹಿಡಿದು ಗ್ಯಾರೇಜಿನ ಹಿಂದೆ ಹೋದಳು. ಕತ್ತಲಾಗುವ ಮೊದಲೇ ಬುಟ್ಟಿ ತುಂಬ ಕಾಯಿ ಕಿತ್ತಿದ್ದಳು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಅರ್ಗಿರೋ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೂಕಡಿಸಿದಳು. ಪೆಲಾಯಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಈರುಳ್ಳಿ ಬಾಡಿಸಿದಳು, ಆರ್ಟಿಚೋಕ್ ಮೊಗ್ಗು ಹೆಚ್ಚಿ ಹಾಕಿದಳು, ಸುಲಿದ ಕಾಳು ಸುರಿದು ಸಬ್ಬಸಿಗೆ ಸೊಪ್ಪು, ನಿಂಬೆರಸ, ಕೈ ಹಿಡಿಯದೆ ಎಣ್ಣೆ ಬಿಟ್ಟಳು. ಒಂದೂವರೆಗೆ ಮೇಜು ಸಿದ್ಧವಾಯಿತು. ರೂಲಾ ಊಟಕ್ಕೆ ಬರುತ್ತೇನೆ, ಅಪ್ಪನ ಹತ್ತಿರ ಕೂತು ಮಾತಾಡುವುದಿದೆ ಅಂದಿದ್ದಳು, ಇನ್ನೂ ಬಂದಿರಲಿಲ್ಲ. ಕಾಯುವ ತಾಳ್ಮೆ ಪೆಲಾಯಾಳಿಗೆ ಉಳಿದಿರಲಿಲ್ಲ. ಹೊಗೆಯಾಡುವ ಕಾಳನ್ನು ತಂದು ಗಂಡನ ತಟ್ಟೆಯ ತುಂಬ ಬಡಿಸಿದಳು.

“ಏನಿದು?” ಸ್ತ್ರಾತಿಸ್ ಕೇಳಿದ.

“ಮೂವತ್ತೆರಡು ವರ್ಷದ ಹಿಂದಿನ ಅಡುಗೆ. ಬಿಸಿ ಮಾಡಿ ತಂದೆ.”

ಅರ್ಗಿರೋ ಮೂಗು ಅರಳಿಸಿದಳು. ಮುದುಕಿಯ ಮುಖ ಒಮ್ಮೆಲೇ ಬಿಳಿಚಿತು. “ತೆಗಿ ಅದನ್ನ.”

“ತೆಗಿಯಲ್ಲ ಅತ್ತೆ. ನಿಮಗೆ ಬೇಡದಿದ್ರೆ ಬಿಡಿ, ಕೋಳಿ ಇದೆ, ತಿನ್ನಿ. ನನ್ನ ಗಂಡ, ನನ್ನ ಅಡುಗೆ. ಇವತ್ತು ತಿಂತಾನೆ.”

“ಸ್ತ್ರಾತಿಸ್, ಮುಟ್ಬೇಡ.”

“ಸ್ತ್ರಾತಿಸ್, ತಿನ್ನು.”

ಇಬ್ಬರು ಹೆಂಗಸರ ಮಧ್ಯೆ ಸವೆದು ಹೋಗಿದ್ದ ಸ್ತ್ರಾತಿಸ್ ನಿಟ್ಟುಸಿರು ಬಿಟ್ಟ. “ಕಾಳು ಅಮ್ಮ. ಬರೀ ಕಾಳು. ತಿಂದು ಮುಗಿಸ್ತೀನಿ, ಈ ಜಗಳನೂ ಮುಗೀಲಿ,” ಅಂದು ಚಮಚ ಎತ್ತಿದ.

ಆಗ ಅರ್ಗಿರೋ ಎದ್ದಳು. ಊರುಗೋಲು ಹಿಡಿಯಲಿಲ್ಲ. ಮೇಜಿನ ಮೇಲೆ ಬಾಗಿ ತನ್ನ ಬಲಗೈಯನ್ನು ಚಪ್ಪಟೆಯಾಗಿ, ಸುಡುಸುಡುವ ಕಾಳಿನ ಮೇಲೆ, ಮಗನ ತಟ್ಟೆಯಲ್ಲಿ ಊರಿದಳು. ಎಣ್ಣೆ ಬೆರಳ ಸಂದಿಯಿಂದ ಉಕ್ಕಿತು. ಕೈ ತೆಗೆಯಲಿಲ್ಲ.

“ಅಮ್ಮ, ಸುಡುತ್ತೆ, ತೆಗಿ,” ಸ್ತ್ರಾತಿಸ್ ಅವಳ ಮಣಿಕಟ್ಟು ಹಿಡಿದು ಎಳೆದ. ಆ ಕೈ ಕಲ್ಲಾಗಿತ್ತು.

“ಅವನೂ ಇದನ್ನೇ ತಿಂದ,” ಅಂದಳು ಅರ್ಗಿರೋ. “ಇಗ್ನಾತಿಸ್. ಇದೇ ಅವನ ಬಾಯಲ್ಲಿ ನಾನು ಕಂಡ ಕಡೇ ಊಟ. ಮಿರ್ಸೀನಿ ಹೊಲದಲ್ಲಿ ಅವನನ್ನ ಮಡಿಲಲ್ಲಿ ಕೂರಿಸ್ಕೊಂಡು ಸುಲಿದು ಸುಲಿದು ತಿನ್ನಿಸ್ತಿದ್ಲು, ಹಸೀದು. ‘ಸೇಬಿನ ಹಾಗಿದಾನೆ ನಿನ್ನ ಮಗ, ಊರಲ್ಲೇ ಇಂಥ ಮಗು ಇಲ್ಲ’ ಅಂದ್ಲು. ದೃಷ್ಟಿ ಆಗದ ಹಾಗೆ ಥೂ ಥೂ ಅನ್ನಲಿಲ್ಲ. ಒಂದ್ಸಲನಾದ್ರೂ ಉಗಿದಿದ್ರೆ ಆಗ್ತಿತ್ತು. ಉಗಿಯಲಿಲ್ಲ. ಮಾರನೇ ದಿನ ಮಗು ಹಳದಿ ಆಯ್ತು. ಉಚ್ಚೆ ಕಪ್ಪು, ಕಾಫಿ ಹಾಗೆ. ಎಣ್ಣೆ ಹಾಕಿ ದೃಷ್ಟಿ ತೆಗೆಸ್ದೆ, ಪಾದ್ರಿನ ಕರೆಸ್ದೆ. ಮೂರನೇ ದಿನ ಹೋದ. ಡಾಕ್ಟರು ಹೇಸರಗತ್ತೆ ಮೇಲೆ ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.”

ಬಾಗಿಲಲ್ಲಿ ಯಾರೋ ಬಿಸ್ಕತ್ತಿನ ಡಬ್ಬಿ ಕೆಳಗಿಟ್ಟ ಸದ್ದಾಯಿತು. ರೂಲಾ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳ ಕಣ್ಣು ತಟ್ಟೆಯ ಮೇಲಿತ್ತು.

“ಅಪ್ಪ, ಅದನ್ನ ತಿಂದ್ಯಾ?”

“ಎಲ್ಲಿ ತಿನ್ನಲಿ, ನಿಮ್ಮಜ್ಜಿ ಕೈ ಇಟ್ಟಿದಾಳೆ.”

“ಒಂದು ಕಾಳು? ರುಚಿ ನೋಡೋಕೆ?”

“ಇಲ್ಲ ಕಣೇ. ಯಾಕೆ?”

ರೂಲಾ ತಟ್ಟೆಯನ್ನೂ ಬೋಗುಣಿಯನ್ನೂ ಎತ್ತಿ ಮೇಜಿನಿಂದ ದೂರ ಇಟ್ಟಳು. ಅಜ್ಜಿಯನ್ನು ನಡೆಸಿಕೊಂಡು ಹೋಗಿ ನಲ್ಲಿಯ ಕೆಳಗೆ ಅವಳ ಕೈ ಹಿಡಿದಳು. ಅಂಗೈ ಕೆಂಡದ ಬಣ್ಣವಾಗಿತ್ತು. ನೀರು ಹರಿಯುತ್ತಿದ್ದ ಹಾಗೇ ಮಾತಾಡಿದಳು.

“ನಿನ್ನೆ ಸಂಜೆ ಅಪ್ಪನ ಕಾಗದ ಬಂತು. ಅಪ್ಪನ ರಕ್ತದಲ್ಲಿ ಇರಬೇಕಾದ ಒಂದು ಅಂಶ ಇಲ್ಲ, ಹುಟ್ಟಿದಾಗಿನಿಂದಲೂ ಇಲ್ಲ. ಅಂಥೋರಿಗೆ ನಾನು ಆ ಸಿ ವಿಟಮಿನ್ನಿನ ದೊಡ್ಡ ಬಾಟಲು ಹಾಕಿದ್ರೆ ರಕ್ತದ ಕಣ ಒಡೆದು ಹೋಗುತ್ತೆ. ಮೈ ಹಳದಿ ಆಗುತ್ತೆ. ಉಚ್ಚೆ ಕಪ್ಪಾಗುತ್ತೆ.” ಅವಳು ಅಜ್ಜಿಯ ಕೈಯನ್ನು ನೀರಿನಡಿ ತಿರುಗಿಸಿದಳು. “ಕುಕ್ಯಾ ತಿಂದ್ರೂ ಹಾಗೇ ಆಗುತ್ತೆ ಅಜ್ಜಿ. ಅದನ್ನ ಹೇಳೋಕೇ ಬಂದೆ. ಈ ಮನೇಲಿ ಯಾರೂ ಅದನ್ನ ಬೇಯಿಸಲ್ಲವಲ್ಲ, ಊಟ ಆದ ಮೇಲೆ ನಿಧಾನವಾಗಿ ಹೇಳೋಣ ಅಂದ್ಕೊಂಡಿದ್ದೆ.”

ಅರ್ಗಿರೋ ತನ್ನ ಅಂಗೈಯನ್ನೇ ನೋಡುತ್ತಿದ್ದಳು.

“ಕಣ್ಣಲ್ವಾ?”

“ಕಣ್ಣಲ್ಲ. ಕಾಳು.”

“ನನ್ನ ಮಗುಗೆ ಅದು ಎಲ್ಲಿಂದ ಬಂತು?”

ರೂಲಾ ತಾಯಿಯ ಮುಖ ನೋಡಿದಳು. ಪೆಲಾಯಾ ತಲೆ ಆಡಿಸಿದಳು, ಹೇಳು ಎಂಬಂತೆ. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕಾಗಿತ್ತು.

“ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತೆ. ಹೆಂಗಸರಿಗೆ ಸಾಮಾನ್ಯವಾಗಿ ಕಾಟ ಕೊಡಲ್ಲ, ಹಾಗಾಗಿ ಇದೆ ಅಂತ ಗೊತ್ತೇ ಆಗಲ್ಲ. ಅಪ್ಪನಿಂದ ನನಗೂ ಬಂದಿದೆ. ಕಾಲೇಜಲ್ಲಿ ನನ್ನದು ನೋಡಿದಾಗ ಗಡಿಯ ಅಂಚಲ್ಲಿತ್ತು, ಲ್ಯಾಬಿನೋರ ತಪ್ಪು ಅಂದ್ಕೊಂಡು ಬಿಟ್ಟಿದ್ದೆ. ಡಾಕ್ಟರು ನಾನೇ ಗುರುತು ಹಿಡೀಲಿಲ್ಲ. ನಿನ್ನ ತಪ್ಪಲ್ಲ ಅಜ್ಜಿ, ನೀನೇನು ಮಾಡ್ತಿದ್ದೆ?”

“ಮಿರ್ಸೀನಿದೂ ಅಲ್ಲ,” ಅಂದಳು ಅರ್ಗಿರೋ.

“ಅವಳದೂ ಅಲ್ಲ.”

ಪೆಲಾಯಾ ಕುರ್ಚಿ ಎಳೆದು ಕೂತಳು. ಮೂವತ್ತೆರಡು ವರ್ಷ ತಾನು ಗೆಲ್ಲಲು ಒದ್ದಾಡಿದ ಜಗಳ ಇದು. ಗೆದ್ದಿದ್ದರೆ ಮೊದಲ ವಸಂತದಲ್ಲೇ ವಿಧವೆಯಾಗುತ್ತಿದ್ದಳೇನೋ. ನಿನ್ನೆಯಷ್ಟೇ ಮಗಳನ್ನು ಪರದೆಯ ಪಕ್ಕಕ್ಕೆ ಎಳೆದು, ಒಂದು ಸಣ್ಣ ಬಾಟಲಿ ಹಾಕು ಅಂದವಳೂ ತಾನೇ. ಭಯ ಈಗ ಬಂತು.

“ಅತ್ತೆ,” ಅಂದಳು, “ಅವತ್ತು ನೀವು ಆ ಪಾತ್ರೆ ಎಸೀದೇ ಇದ್ದಿದ್ರೆ…”

“ಪಾತ್ರೆ ಚೆನ್ನಾಗಿತ್ತು,” ಅಂದಳು ಅರ್ಗಿರೋ. “ಹೊಸದು. ಆಮೇಲೆ ನನಗೂ ಬೇಜಾರಾಯ್ತು.”

ಪೆಲಾಯಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅತ್ತೆಯ ಒದ್ದೆ ಕೈಗೆ ಬಟ್ಟೆ ಸುತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮದುವೆಯಾದ ಮೇಲೆ ಆ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

“ಅಲ್ಲಿ ಈಗ ಎಷ್ಟು ಗಂಟೆ?” ಅರ್ಗಿರೋ ಕೇಳಿದಳು.

“ಮಧ್ಯರಾತ್ರಿ ದಾಟಿದೆ,” ಅಂದ ಸ್ತ್ರಾತಿಸ್. “ಫೋನ್ ಮಾಡ್ಲಾ ಅಮ್ಮ? ಎಬ್ಬಿಸ್ತಾರೆ.”

“ಬೇಡ. ಐವತ್ತೆಂಟು ವರ್ಷ ಅವಳ ನಿದ್ದೆ ಕೆಡಿಸಿದೀನಿ. ಇದೊಂದು ರಾತ್ರಿ ಮಲಗ್ಲಿ.”

ಆ ಸಂಜೆ ಪೆಲಾಯಾ ಕುಡುಗೋಲು ಹಿಡಿದು ಎರಡೂ ಸಾಲು ಕೊಯ್ದು ಚೀಲದಲ್ಲಿ ಕಟ್ಟಿ ಆಚೆ ಇಟ್ಟಳು. ಸಂಕಟವಾಗಲಿಲ್ಲ ಅಂದರೆ ಸುಳ್ಳು. ಸ್ವಲ್ಪ ಆಯಿತು.

ಸೋಮವಾರ ಸ್ತ್ರಾತಿಸ್ ಎಷ್ಟೋ ವರ್ಷದ ಮೇಲೆ ಕೆಲಸದ ದಿನ ಹೋಟೆಲಿಗೆ ಬೀಗ ಹಾಕಿದ. ಬೆಳಿಗ್ಗೆ ಎಂಟಕ್ಕೆ, ಅಲ್ಲಿ ಸಂಜೆ ಆರು. ಅರ್ಗಿರೋ ಈಸ್ಟರಿಗೆ ಉಡುವ ಉಡುಪು ಉಟ್ಟು, ಕಿವಿಗೆ ಓಲೆ ಇಟ್ಟು, ಬ್ಯಾಂಡೇಜಿನ ಕೈ ಕಾಣದಂತೆ ಶಾಲು ಹೊದ್ದು ಮೇಜಿನ ಮುಂದೆ ಕೂತಳು. ಸ್ತ್ರಾತಿಸನ ಬಳಿ ಚಿಕ್ಕಮ್ಮನ ಮನೆಯವರ ಮೊಬೈಲ್ ನಂಬರು ಇತ್ತು. ವರ್ಷಕ್ಕೊಮ್ಮೆ ಅವನು ತಾಯಿಗೆ ಗೊತ್ತಿಲ್ಲದ ಹಾಗೆ ಮಾತಾಡುತ್ತಿದ್ದ ಅನ್ನುವುದು ಆಗ ಹೊರಬಿತ್ತು. ಯಾರೂ ಬೈಯಲಿಲ್ಲ. ರೂಲಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು.

ಪರದೆಯ ಮೇಲೆ ಕಪ್ಪು ತಲೆವಸ್ತ್ರದ ಒಂದು ಸುಕ್ಕು ಮುಖ ಮೂಡಿತು. ಹಿಂದೆಲ್ಲೋ ಕೋಳಿಗಳ ಸದ್ದು. ಅರ್ಗಿರೋ ಫೋನಿನ ಹತ್ತಿರಕ್ಕೆ ಬಾಗಿದಳು.

“ಮುದುಕಿ ಆಗ್ಬಿಟ್ಟಿದ್ದೀಯಲ್ಲೇ,” ಅಂದಳು ಅರ್ಗಿರೋ.

“ನೀನೇನು ಮದುವಣಗಿತ್ತಿನಾ ಅಕ್ಕ?” ಅಂದಳು ಮಿರ್ಸೀನಿ.

“ಮಿರ್ಸೀನಿ, ನಿನ್ನ ಕಣ್ಣಲ್ಲ ಕಣೇ. ಆ ಕಾಳು. ನಮ್ಮ ರಕ್ತಕ್ಕೆ ಅದು ಆಗಲ್ವಂತೆ. ನನ್ನ ಮೊಮ್ಮಗಳು ಡಾಕ್ಟರು, ಅವಳು ಪರೀಕ್ಷೆ ಮಾಡಿ ಕಂಡುಹಿಡಿದ್ಲು. ನೀನಲ್ಲ. ನೀನು ಯಾವತ್ತೂ ಅಲ್ಲ. ನಾನು ಇಷ್ಟು ವರ್ಷ ನಿನ್ನನ್ನ…”

ಮಿರ್ಸೀನಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು, “ನಾನೂ ನನ್ನ ಕಣ್ಣು ಅಂತಲೇ ನಂಬಿದ್ದೆ ಅಕ್ಕ. ಅವತ್ತಿಂದ ಒಂದು ಮಗೂನೂ ಚೆನ್ನಾಗಿದೆ ಅಂದಿಲ್ಲ. ನನ್ನ ಮಕ್ಕಳನ್ನೂ ಅನ್ನಲಿಲ್ಲ, ಮೊಮ್ಮಕ್ಕಳನ್ನೂ ಅನ್ನಲಿಲ್ಲ. ತೊಟ್ಟಿಲ ಹತ್ರ ಹೋದ್ರೆ ಮುಖ ತಿರುಗಿಸ್ಕೊಳ್ತಿದ್ದೆ.”

ಪೆಲಾಯಾ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು, ರೂಲಾಳೂ ಅಷ್ಟೇ. ಅರ್ಗಿರೋ ಮಾತ್ರ ಅಳಲಿಲ್ಲ. ಮಗನ ತೋಳು ಹಿಡಿದು ಎಳೆದು ಪರದೆಯ ಮುಂದೆ ಕೂರಿಸಿದಳು. ಬೋಳುತಲೆ, ಬೊಜ್ಜು ಹೊಟ್ಟೆ, ಅತ್ತು ಕೆಂಪಾದ ಮೂಗು.

“ನೋಡು. ನನ್ನ ಮಗ, ಇಗ್ನಾತಿಸನ ತಮ್ಮ. ಆಗಸ್ಟಲ್ಲಿ ನಿನ್ನ ಮನೆಗೇ ಕರ್ಕೊಂಡು ಬರ್ತೀನಿ. ಹೇಗಿದಾನೆ ಹೇಳು.”

ಮಿರ್ಸೀನಿ ನೋಡಿದಳು. ಅವಳ ತುಟಿ ಅಭ್ಯಾಸಬಲದಿಂದ ಉಗಿಯಲು ಮುಂದಾಯಿತು.

“ಉಗೀಬೇಡ,” ಅಂದಳು ಅರ್ಗಿರೋ. “ಹಾಗೇ ಹೇಳು.”

“ಸೇಬಿನ ಹಾಗಿದಾನೆ ನಿನ್ನ ಮಗ,” ಅಂದಳು ಮಿರ್ಸೀನಿ.

“ಇನ್ನೊಂದ್ಸಲ ಹೇಳು,” ಅಂದಳು ಅರ್ಗಿರೋ.